ತಪ್ಪೊಪ್ಪಿಗೆಯೂ ಒಪ್ಪಿಗೆಯೂ: ಧರ್ಮಸಭೆಯ ನ್ಯಾಯಪೀಠದಿಂದ ಶಿವಮೊಗ್ಗದ ಕಟಕಟೆಯವರೆಗೆ

‘ತಪ್ಪೊಪ್ಪಿಗೆ’ ಎಂಬ ಕನ್ನಡ ಪದದಲ್ಲಿ ಎರಡು ಪದಗಳು ಕೂಡಿವೆ. ಅದರ ಉತ್ತರಪದ ‘ಒಪ್ಪಿಗೆ’. ಒಪ್ಪಿಗೆಯೆಂದರೆ ಮನಸ್ಸಿನ ಸಮ್ಮತಿ. ಸಮ್ಮತಿಯಿಲ್ಲದವನ ಬಾಯಿಂದ ಹೊರಡಿಸಿದ ಮಾತು ತಪ್ಪಿನ ಹೇಳಿಕೆಯಾದೀತೇ ಹೊರತು ಒಪ್ಪಿಗೆಯಾಗಲಾರದು. ಈ ಪದವನ್ನು ಯಾಜಕರಾದ ನಾವು ಎರಡು ಸ್ಥಳಗಳಲ್ಲಿ ಕೇಳುತ್ತೇವೆ. ಒಂದು ದೇವಾಲಯದ ಪಾಪನಿವೇದನೆಯ ಪೀಠ. ಇನ್ನೊಂದು ನ್ಯಾಯಾಲಯದ ಕಟಕಟೆ. ಮೊದಲನೆಯದರಲ್ಲಿ ತಪ್ಪನ್ನು ಒಪ್ಪಿಕೊಂಡವನು ಬಿಡುಗಡೆ ಹೊಂದುತ್ತಾನೆ. ಎರಡನೆಯದರಲ್ಲಿ ಶಿಕ್ಷೆಗೆ ಗುರಿಯಾಗುತ್ತಾನೆ. ಹೀಗಿದ್ದೂ ಇತಿಹಾಸದಲ್ಲಿ ಈ ಎರಡು ಪೀಠಗಳು ಒಂದನ್ನೊಂದು ಬಹಳ ಹತ್ತಿರದಿಂದ ಬಲ್ಲವು. ಒಂದರ ರೋಗ ಇನ್ನೊಂದಕ್ಕೆ ಹರಡಿದ್ದೂ ಉಂಟು.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಶಿವಮೊಗ್ಗದ ಸೋಗಾನೆಯ ಕೇಂದ್ರ ಕಾರಾಗೃಹಕ್ಕಾಗಲಿ, ಭದ್ರಾವತಿಯ ಕೂಲಿಕಾರರ ಕೇರಿಗಳಿಗಾಗಲಿ ಸೇವೆಗೆಂದು ಹೋಗುವವರಿಗೆ ಒಂದು ಪ್ರಶ್ನೆ ಎದುರಾಗದೆ ಇರದು: “ಫಾದರ್, ತಪ್ಪು ಮಾಡಿದ್ದೀನಿ ಅಂತ ಒಪ್ಕೊಂಡು ಮುಗಿಸಿಬಿಡ್ಲಾ?” ಕೇಳುವವನು ತಪ್ಪು ಮಾಡಿದವನೇ ಆಗಿರಬಹುದು, ಮಾಡದವನೂ ಆಗಿರಬಹುದು. ಸತ್ಯ ಹೇಳುವುದು ಒಳ್ಳೆಯದು, ಪಶ್ಚಾತ್ತಾಪ ಇನ್ನೂ ಒಳ್ಳೆಯದು ಎಂಬ ಎಣಿಕೆಯಿಂದ ‘ಒಪ್ಪಿಕೋ ಮಗನೇ’ ಎಂದು ಹೇಳಿಬಿಡುವುದು ಯಾಜಕನಿಗೆ ಸುಲಭ. ಆ ಸುಲಭದ ಉತ್ತರದ ಹಿಂದೆ ಎಂಟುನೂರು ವರ್ಷಗಳ ಒಂದು ನೋವಿನ ಚರಿತ್ರೆಯಿದೆ. ಬಲವಂತದ ತಪ್ಪೊಪ್ಪಿಗೆಯಿಂದ ನ್ಯಾಯವೂ ಕೆಡುತ್ತದೆ, ಪಾಪನಿವೇದನೆಯ ಅರ್ಥವೂ ಕೆಡುತ್ತದೆ ಎಂಬುದನ್ನು ಧರ್ಮಸಭೆ ತಡವಾಗಿ, ತನ್ನ ಕೈಯಾರೆ ಕೆಡಿಸಿಕೊಂಡ ಬಳಿಕ ಕಲಿಯಿತು. ಆ ಪಾಠ ನಮ್ಮ ನಾಡಿನ ಇಂದಿನ ಕಟಕಟೆಗೆ ಏನು ಹೇಳುತ್ತದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1. ಪವಿತ್ರ ಗ್ರಂಥದ ಸಾಕ್ಷ್ಯ

ಯೆಹೋಶುವನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಆಕಾನನ ಪ್ರಸಂಗ ಬರುತ್ತದೆ. ಚೀಟು ಬಿದ್ದು ಸಿಕ್ಕಿಕೊಂಡ ಆಕಾನನಿಗೆ ಯೆಹೋಶುವನು ದೇವರಿಗೆ ಮಹಿಮೆ ಸಲ್ಲಿಸಿ ಸತ್ಯವನ್ನು ಹೇಳಬೇಕೆಂದು ಆಜ್ಞಾಪಿಸುತ್ತಾನೆ, ಅವನು ಹೇಳುತ್ತಾನೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಯೆಹೋಶುವನು ಆಳುಗಳನ್ನು ಓಡಿಸುತ್ತಾನೆ, ಗುಡಾರವನ್ನು ಅಗೆಸುತ್ತಾನೆ, ಕದ್ದ ವಸ್ತು ಕಣ್ಣಿಗೆ ಕಂಡ ಮೇಲಷ್ಟೇ ಮುಂದುವರಿಯುತ್ತಾನೆ. ಬಾಯಿಮಾತೊಂದನ್ನೇ ನೆಚ್ಚುವುದಿಲ್ಲ. ಧರ್ಮೋಪದೇಶಕಾಂಡವು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಯಾರನ್ನೂ ದಂಡಿಸಲಾಗದೆಂದು ವಿಧಿಸಿತು. ಈ ವಿಧಿಯನ್ನು ಮುಂದೆ ಬೆಳೆಸಿದ ಯೆಹೂದ್ಯ ಧರ್ಮಶಾಸ್ತ್ರಜ್ಞರು ಯಾವನೂ ತನ್ನನ್ನು ತಾನೇ ದುಷ್ಟನೆಂದು ಸ್ಥಾಪಿಸಲಾರನೆಂಬ ಸೂತ್ರಕ್ಕೆ ಬಂದರು. ಹನ್ನೆರಡನೆಯ ಶತಮಾನದ ಮೈಮೊನಿಡೀಸನು ಇದಕ್ಕೆ ಕೊಟ್ಟ ಕಾರಣ ಗಮನಾರ್ಹ. ಬದುಕಿನಲ್ಲಿ ಬೇಸತ್ತು ಸಾವನ್ನು ಬಯಸುವವನು ಮಾಡದ ತಪ್ಪನ್ನೂ ಮಾಡಿದೆನೆಂದು ಹೇಳಬಹುದು. ಸೆರೆಯಲ್ಲಿರುವವನ ಮನಸ್ಸನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಆಕಾನನಿಗೆ ಹೇಳಿದ ಅದೇ ಪ್ರಮಾಣವಾಕ್ಯ ಮತ್ತೆ ಕೇಳಿಬರುತ್ತದೆ. ಹುಟ್ಟುಕುರುಡನಾಗಿದ್ದು ದೃಷ್ಟಿ ಪಡೆದವನನ್ನು ಎರಡನೆಯ ಬಾರಿ ಕರೆಸಿದ ಮುಖಂಡರು ದೇವರ ಮಹಿಮೆಯ ಹೆಸರನ್ನೆತ್ತಿ, ತಾವು ಮೊದಲೇ ತೀರ್ಮಾನಿಸಿದ ಮಾತನ್ನು ಅವನ ಬಾಯಿಂದ ಹೇಳಿಸಲು ಒತ್ತಾಯಿಸುತ್ತಾರೆ. ಅವನು ತಾನು ಕಂಡದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚು ಹೇಳುವುದಿಲ್ಲ; ಹೊರಗೆ ದೂಡಲ್ಪಡುತ್ತಾನೆ. ದೇವರ ಹೆಸರು ಸತ್ಯವನ್ನು ಹೊರತರಲೂ ಬಳಕೆಯಾಗಬಹುದು, ಸತ್ಯವನ್ನು ಮುಚ್ಚಲೂ ಬಳಕೆಯಾಗಬಹುದು ಎಂಬುದನ್ನು ಈ ಎರಡು ಅಧ್ಯಾಯಗಳನ್ನು ಜೊತೆಯಾಗಿ ಓದಿದಾಗ ಕಾಣುತ್ತೇವೆ.

ಪ್ರಭು ಯೇಸುವಿನ ವಿಚಾರಣೆಯೂ ಇಲ್ಲಿ ನೆನಪಾಗಬೇಕು. ಪ್ರಧಾನಯಾಜಕನು ಶಿಷ್ಯರನ್ನೂ ಬೋಧನೆಯನ್ನೂ ಕುರಿತು ಪ್ರಶ್ನಿಸಿದಾಗ ಯೇಸು ತಾನು ಬಹಿರಂಗವಾಗಿಯೇ ಮಾತನಾಡಿದ್ದನ್ನು ನೆನಪಿಸಿ, ಕೇಳಿದವರನ್ನು ವಿಚಾರಿಸಬೇಕೆಂದು ಹೇಳುತ್ತಾರೆ. ಆರೋಪ ಹೊರಿಸಿದವರು ಸಾಕ್ಷಿಗಳನ್ನು ತರಬೇಕು ಎಂಬ ಧರ್ಮಶಾಸ್ತ್ರದ ನಿಯಮವನ್ನೇ ಅವರು ಎತ್ತಿ ಹಿಡಿದರು. ಅದಕ್ಕೆ ಸಿಕ್ಕ ಉತ್ತರ ಕಾವಲುಗಾರನ ಕಪಾಳಮೋಕ್ಷ. ಅಪರಾಧಿಯೆಂದು ತಾನೇ ಹೇಳಿಕೊಳ್ಳಲು ನಿರಾಕರಿಸಿದ ಆರೋಪಿಯನ್ನು ನಾವು ಪ್ರಭುವೆಂದು ಆರಾಧಿಸುತ್ತೇವೆ.

2. ಆದಿ ಧರ್ಮಸಭೆ ಕಂಡ ಸತ್ಯ

ರೋಮನ್ ಕಾನೂನಿನಲ್ಲಿ ಗುಲಾಮನ ಸಾಕ್ಷ್ಯಕ್ಕೆ ಚಿತ್ರಹಿಂಸೆಯ ಮುದ್ರೆ ಬೇಕಿತ್ತು. ಸುಮಾರು 112ರಲ್ಲಿ ಬಿಥೂನಿಯದ ಪ್ರಾಂತ್ಯಾಧಿಕಾರಿ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತ ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದ ಸಂಗತಿಯನ್ನು ನಿರ್ವಿಕಾರವಾಗಿ ವರದಿ ಮಾಡುತ್ತಾನೆ. ಪ್ರೇಷಿತ ಪೌಲರನ್ನೂ ಯೆರೂಸಲೇಮಿನ ಸಹಸ್ರಾಧಿಪತಿಯು ಕೊರಡೆಯೇಟಿನಿಂದಲೇ ವಿಚಾರಿಸಲು ಹೊರಟಿದ್ದನು. ರೋಮನ್ ಪೌರತ್ವ ಅವರನ್ನು ಉಳಿಸಿತು. ಪೌರತ್ವವಿಲ್ಲದವರನ್ನು ಉಳಿಸಲು ಏನೂ ಇರಲಿಲ್ಲ. ಹೀಗೆ ಧರ್ಮಸಭೆಯು ತನ್ನ ಮೊದಲ ದಿನಗಳಲ್ಲಿ ಬಲವಂತದ ವಿಚಾರಣೆಯನ್ನು ಬೆನ್ನಿನ ಮೇಲೆ ಹೊತ್ತೇ ಅರಿತಿತ್ತು.

ಆ ನೆನಪು ಬಹುಕಾಲ ಮಾಸಲಿಲ್ಲ. ಸಂತ ಅಗಸ್ತೀನರು ‘ದೇವರ ನಗರ’ ಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ ನ್ಯಾಯಾಧೀಶನ ಸಂಕಟವನ್ನು ವರ್ಣಿಸುತ್ತಾರೆ. ನಿರಪರಾಧಿಯನ್ನು ತಿಳಿಯದೆ ಕೊಲ್ಲಬಾರದೆಂದು ಅವನು ಹಿಂಸಿಸಿ ವಿಚಾರಿಸುತ್ತಾನೆ. ನೋವು ತಾಳದೆ ಆ ನಿರಪರಾಧಿ ಮಾಡದ್ದನ್ನು ಒಪ್ಪಿಕೊಳ್ಳುತ್ತಾನೆ. ಕೊನೆಗೆ ನ್ಯಾಯಾಧೀಶ ಅವನನ್ನೇ ಕೊಲ್ಲುತ್ತಾನೆ. ಅಗಸ್ತೀನರು ಇದಕ್ಕೆ ಪರಿಹಾರ ಸೂಚಿಸಲಿಲ್ಲ. ಆದರೆ ಇದನ್ನು ಮನುಷ್ಯನ ದುಃಸ್ಥಿತಿಯೆಂದು ಕರೆಯಲು ಹಿಂಜರಿಯಲಿಲ್ಲ.

866ರಲ್ಲಿ ಜಗದ್ಗುರು ಮೊದಲನೆಯ ನಿಕೊಲಾಸರು ಆಗಷ್ಟೇ ದೀಕ್ಷಾಸ್ನಾನ ಪಡೆದಿದ್ದ ಬಲ್ಗೇರಿಯದ ಅರಸ ಬೋರಿಸನಿಗೆ ಉತ್ತರ ಬರೆದರು. ಕಳ್ಳನೆಂದು ಹಿಡಿದವನನ್ನು ಒಪ್ಪಿಕೊಳ್ಳುವವರೆಗೆ ಹೊಡೆಯುವ ಅಲ್ಲಿನ ಪದ್ಧತಿಗೆ ದೈವಿಕ ಕಾನೂನಿನಲ್ಲಾಗಲಿ ಮಾನವ ಕಾನೂನಿನಲ್ಲಾಗಲಿ ಆಧಾರವಿಲ್ಲ, ತಪ್ಪೊಪ್ಪಿಗೆ ತಾನಾಗಿ ಬರಬೇಕು ಎಂಬುದು ಅವರ ನಿರ್ಣಯ. ಸುಮಾರು 1140ರಲ್ಲಿ ಧರ್ಮಸಭೆಯ ಕಾನೂನುಗಳನ್ನು ಒಟ್ಟುಗೂಡಿಸಿದ ಗ್ರೇಷಿಯನ್ ಕೂಡ ಹಿಂಸೆಯಿಂದ ತಪ್ಪೊಪ್ಪಿಗೆಯನ್ನು ಹೊರಡಿಸಬಾರದೆಂಬ ನಿಯಮವನ್ನು ತನ್ನ ಸಂಗ್ರಹದಲ್ಲಿ ಉಳಿಸಿಕೊಂಡನು. ಅಂದರೆ ಧರ್ಮಸಭೆಗೆ ಈ ಸತ್ಯ ಗೊತ್ತಿತ್ತು. ಗೊತ್ತಿದ್ದದ್ದನ್ನು ಅದು ಮರೆಯಿತು.

3. ಸಾಕ್ಷ್ಯಗಳ ರಾಣಿ

ಮರೆವಿನ ಆರಂಭ, ವಿಚಿತ್ರವೆಂದರೆ, ಒಂದು ಒಳ್ಳೆಯ ಸುಧಾರಣೆಯಲ್ಲಿದೆ. ಆ ಕಾಲದ ಯೂರೋಪಿನಲ್ಲಿ ಸಾಕ್ಷ್ಯವಿಲ್ಲದ ಮೊಕದ್ದಮೆಗಳನ್ನು ಬೆಂಕಿ ನೀರುಗಳ ಪರೀಕ್ಷೆಯಿಂದ ತೀರ್ಮಾನಿಸುತ್ತಿದ್ದರು. ನಮ್ಮ ನಾಡಿಗೂ ಇದು ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ತಕ್ಕಡಿ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ವಿವರಿಸುತ್ತದೆ. ಕಾಯಿಸಿದ ಗುಳ ಹಿಡಿಯುವ ಫಾಳದಿವ್ಯದ ಮಾತು ನಮ್ಮ ಶಾಸನಗಳಲ್ಲಿಯೂ ಬರುತ್ತದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಇಂತಹ ಪರೀಕ್ಷೆಗಳನ್ನು ಯಾಜಕರು ಆಶೀರ್ವದಿಸಬಾರದೆಂದು ನಿಷೇಧಿಸಿತು. ಯಾಜಕನಿಲ್ಲದೆ ಪರೀಕ್ಷೆಯಿಲ್ಲವಾದ್ದರಿಂದ ಆ ಪದ್ಧತಿಯೇ ಕ್ರಮೇಣ ಅಳಿಯಿತು. ಅದೇ ಮಹಾಸಭೆಯು ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು.

ದೇವರ ತೀರ್ಪನ್ನು ಬೆಂಕಿಯಿಂದ ಕೇಳುವಂತಿಲ್ಲವೆಂದ ಮೇಲೆ ಮನುಷ್ಯ ನ್ಯಾಯಾಧೀಶನಿಗೆ ಖಚಿತವಾದ ಸಾಕ್ಷ್ಯ ಬೇಕಾಯಿತು. ಮರಣದಂಡನೆಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳಿರಬೇಕು, ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ ಇರಬೇಕು ಎಂಬ ನಿಯಮ ಬೆಳೆಯಿತು. ಇಬ್ಬರು ಕಣ್ಣಾರೆ ಕಂಡ ಕೊಲೆಗಳು ಎಷ್ಟಿದ್ದಾವು? ತಪ್ಪೊಪ್ಪಿಗೆಯು ‘ಸಾಕ್ಷ್ಯಗಳ ರಾಣಿ’ಯಾಯಿತು. ರಾಣಿ ತಾನಾಗಿ ಬಾರದಿದ್ದಾಗ ಎಳೆದು ತರುವುದೇ ದಾರಿಯಾಯಿತು. 1252ರಲ್ಲಿ ಜಗದ್ಗುರು ನಾಲ್ಕನೆಯ ಇನ್ನೊಸೆಂಟರು ‘ಆದ್ ಎಕ್ಸ್‌ತಿರ್ಪಾಂದಾ’ ಎಂಬ ಆಜ್ಞೆಯಿಂದ ಪಾಷಂಡಮತದ ಆರೋಪಿಗಳ ಮೇಲೆ ಹಿಂಸೆ ಬಳಸಲು ಅನುಮತಿಯಿತ್ತರು. ಅಂಗ ಊನವಾಗಬಾರದು, ಪ್ರಾಣ ಹೋಗಬಾರದು ಎಂಬ ಮಿತಿ ಅದರಲ್ಲಿತ್ತು. ಹಿಂಸೆಯ ಕೋಣೆಯಲ್ಲಿ ಹೇಳಿದ್ದನ್ನು ಆರೋಪಿಯು ಬಳಿಕ ಹೊರಗೆ ‘ಸ್ವಇಚ್ಛೆಯಿಂದ’ ದೃಢೀಕರಿಸಬೇಕೆಂಬ ನಿಯಮವೂ ರೂಢಿಯಲ್ಲಿತ್ತು. ದೃಢೀಕರಿಸದಿದ್ದರೆ ಮತ್ತೆ ಅದೇ ಕೋಣೆ ಕಾದಿರುತ್ತಿತ್ತು. ಈ ‘ಸ್ವಇಚ್ಛೆ’ಯನ್ನು ನಾವು ಗುರುತಿಟ್ಟುಕೊಳ್ಳಬೇಕು, ಮುಂದೆ ಅದು ಬೇರೆ ವೇಷದಲ್ಲಿ ಕಾಣಿಸಿಕೊಳ್ಳಲಿದೆ.

ಕರಾವಳಿಯಿಂದ ಘಟ್ಟ ಹತ್ತಿ ಮಲೆನಾಡಿಗೆ ಬಂದ ನಮ್ಮ ಅನೇಕ ಕುಟುಂಬಗಳ ಮೂಲ ಗೋವೆಯಲ್ಲಿದೆ. ಆ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ನ್ಯಾಯಪೀಠ ನಡೆಯಿತು. ಅಲ್ಲಿ ಸೆರೆಯಾಗಿದ್ದ ಫ್ರೆಂಚ್ ವೈದ್ಯ ಚಾರ್ಲ್ಸ್ ಡೆಲೊನ್ 1687ರಲ್ಲಿ ಪ್ರಕಟಿಸಿದ ವೃತ್ತಾಂತವು ಅದರ ಕಾರ್ಯವಿಧಾನವನ್ನು ಬಿಡಿಸಿಡುತ್ತದೆ. ಆರೋಪವೇನೆಂದು ಆರೋಪಿಗೆ ಹೇಳುತ್ತಿರಲಿಲ್ಲ. ಅವನೇ ಊಹಿಸಿ ಒಪ್ಪಿಕೊಳ್ಳಬೇಕು. ದೂರುದಾರರು ಏನು ಹೇಳಿದ್ದರೋ ಅದಕ್ಕೆ ಹೊಂದುವಷ್ಟು ಒಪ್ಪಿಕೊಂಡವನಿಗೆ ಕರುಣೆ ದೊರೆಯುತ್ತಿತ್ತು. ಕೊನೆಯವರೆಗೂ ತಾನು ನಿರಪರಾಧಿಯೆಂದವನು ‘ನಿರಾಕರಿಸುವವನು’ ಎಂಬ ಹಣೆಪಟ್ಟಿ ಹೊತ್ತು ಲೌಕಿಕ ಅಧಿಕಾರಿಗಳಿಗೆ, ಅಂದರೆ ಬೆಂಕಿಗೆ, ಒಪ್ಪಿಸಲ್ಪಡುತ್ತಿದ್ದನು. ತಪ್ಪಿತಸ್ಥನು ಒಪ್ಪಿಕೊಂಡು ಉಳಿಯಬಲ್ಲನು. ನಿರಪರಾಧಿಯು ಸುಳ್ಳು ಹೇಳಿ ಮಾತ್ರ ಉಳಿಯಬಲ್ಲನು. ಸತ್ಯವಂತನಿಗೇ ಅತಿ ಹೆಚ್ಚು ಶಿಕ್ಷೆ ವಿಧಿಸುವ ಈ ಏರ್ಪಾಡಿನಲ್ಲಿ ಹಿಂಸಾಯಂತ್ರಕ್ಕಿಂತ ಹೆಚ್ಚಾಗಿ ಕೆಲಸ ಮಾಡಿದ್ದು ‘ಒಪ್ಪಿದರೆ ಕಡಿಮೆ, ಒಪ್ಪದಿದ್ದರೆ ಹೆಚ್ಚು’ ಎಂಬ ಲೆಕ್ಕಾಚಾರ.

4. ಸ್ಪೇ ಗುರುಗಳ ಎಚ್ಚರಿಕೆ

ಈ ಕತ್ತಲೆಯಲ್ಲಿ ದೀಪ ಹಿಡಿದವರೂ ಯಾಜಕರೇ. ಯೇಸುಸಭೆಯ ಫ್ರೆಡರಿಕ್ ಸ್ಪೇ (1591–1635) ಜರ್ಮನಿಯಲ್ಲಿ ನೈತಿಕ ದೈವಶಾಸ್ತ್ರದ ಅಧ್ಯಾಪಕರಾಗಿದ್ದರು. ಮಾಟಗಾತಿಯರೆಂದು ದಂಡನೆಗೆ ಗುರಿಯಾದ ಹೆಂಗಸರ ಕಡೆಯ ಮಾತುಗಳನ್ನು ಕೇಳಿದ ಪಾಪನಿವೇದನೆಯ ಗುರುವೂ ಆಗಿದ್ದರೆಂದು ಪರಂಪರೆ ಹೇಳುತ್ತದೆ. 1631ರಲ್ಲಿ ರಿಂಟೆಲ್ನ್ ಪಟ್ಟಣದಲ್ಲಿ ಅವರ ‘ಕಾವುಸಿಯೊ ಕ್ರಿಮಿನಾಲಿಸ್’ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಅವರ ವಾದ ಸರಳ. ಹೆಂಗಸು ಒಪ್ಪಿದರೆ ಅಪರಾಧಿ. ಒಪ್ಪದಿದ್ದರೆ ಸೈತಾನನೇ ಅವಳಿಗೆ ತಾಳಿಕೊಳ್ಳುವ ಶಕ್ತಿ ಕೊಟ್ಟಿದ್ದಾನೆಂದು ಮತ್ತಷ್ಟು ಅಪರಾಧಿ. ಯಾವ ಉತ್ತರಕ್ಕೂ ಬಿಡುಗಡೆಯಿಲ್ಲದ ವಿಚಾರಣೆ ಸತ್ಯವನ್ನು ಹುಡುಕುವುದಿಲ್ಲ, ಅಪರಾಧಿಗಳನ್ನು ಉತ್ಪಾದಿಸುತ್ತದೆ. ಒಬ್ಬಳ ಬಾಯಿಂದ ಇನ್ನೊಬ್ಬಳ ಹೆಸರು, ಅವಳಿಂದ ಮತ್ತೊಬ್ಬಳದು. ಸ್ಪೇ ಗುರುಗಳು ಯಾಜಕರನ್ನೂ ಬಿಡಲಿಲ್ಲ. ದಂಡನೆಗೊಳಗಾದವರನ್ನು ಸಂತೈಸಬೇಕಾದ ಗುರುಗಳೇ ‘ಒಪ್ಪಿಕೋ’ ಎಂದು ಕಾಡಿ ನ್ಯಾಯಾಧೀಶನ ಕೈಗೆ ಉಪಕರಣವಾಗುವುದನ್ನು ಅವರು ಕಟುವಾಗಿ ಖಂಡಿಸಿದರು. ಟ್ರಿಯರ್ ನಗರದಲ್ಲಿ ಪ್ಲೇಗ್ ಪೀಡಿತ ಸೈನಿಕರ ಆರೈಕೆ ಮಾಡುತ್ತಾ ಅವರು ನಿಧನರಾದರು.

ಧರ್ಮಸಭೆ ತಾನು ಬಿಟ್ಟ ದಾರಿಗೆ ಮರಳಲು ಇನ್ನೂ ಬಹುಕಾಲ ಹಿಡಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಮ್ ಎತ್ ಸ್ಪೇಸ್’ (1965) ದೇಹ ಮನಸ್ಸುಗಳ ಹಿಂಸೆಯನ್ನೂ ಮನುಷ್ಯನ ಸಂಕಲ್ಪದ ಮೇಲಿನ ಬಲಾತ್ಕಾರವನ್ನೂ ಜೀವವಿರೋಧಿ ಕೃತ್ಯಗಳ ಪಟ್ಟಿಯಲ್ಲಿ ಸೇರಿಸಿತು. 1983ರ ಕಾನೂನು ಸಂಹಿತೆಯ 1538ನೆಯ ವಿಧಿಯ ಪ್ರಕಾರ ಬಲಾತ್ಕಾರದಿಂದ ಅಥವಾ ಘೋರ ಭಯದಿಂದ ಪಡೆದ ತಪ್ಪೊಪ್ಪಿಗೆಗೆ ಯಾವ ಬಲವೂ ಇಲ್ಲ. 1728ನೆಯ ವಿಧಿಯ ಪ್ರಕಾರ ಆರೋಪಿಯು ಅಪರಾಧವನ್ನು ಒಪ್ಪಿಕೊಳ್ಳಲು ಬದ್ಧನಲ್ಲ. ಅವನಿಂದ ಪ್ರಮಾಣವನ್ನೂ ಮಾಡಿಸುವಂತಿಲ್ಲ. ಧರ್ಮಸಭೆಯ ಧರ್ಮೋಪದೇಶವು 2298ನೆಯ ಪರಿಚ್ಛೇದದಲ್ಲಿ ಹಿಂದಿನ ಕ್ರೂರ ಪದ್ಧತಿಗಳಲ್ಲಿ ಧರ್ಮಪಾಲಕರ ಪಾಲೂ ಇತ್ತೆಂಬುದನ್ನು ಮರೆಮಾಚದೆ ಹೇಳುತ್ತದೆ. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪೌಲರು ಸತ್ಯದ ಸೇವೆಯ ಹೆಸರಿನಲ್ಲಿ ಶುಭಸಂದೇಶಕ್ಕೆ ಒಗ್ಗದ ಮಾರ್ಗಗಳನ್ನು ಹಿಡಿದದ್ದಕ್ಕಾಗಿ ದೇವರ ಕ್ಷಮೆ ಬೇಡಿದರು. ಆ ದಿನ ತಪ್ಪೊಪ್ಪಿಕೊಂಡದ್ದು ಧರ್ಮಸಭೆ. ಯಾರ ಬಲವಂತವೂ ಇಲ್ಲದೆ.

5. ಕನ್ನಡ ನಾಡಿನ ದಾಖಲೆ

ಯೂರೋಪಿನ ಈ ಪಾಠ ನಮ್ಮ ನಾಡಿನ ಕಾನೂನಿಗೂ ಬೇರೊಂದು ದಾರಿಯಿಂದ ಬಂದಿತು. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಯ ಆರೋಪಗಳನ್ನು ವಿಚಾರಿಸಿದ ಆಯೋಗವು ವರದಿ ನೀಡಿತು. ಕಂದಾಯ ವಸೂಲಿಗೂ ಅಪರಾಧದ ತನಿಖೆಗೂ ಒಂದೇ ಅಧಿಕಾರಿಗಳ ಕೈಯಲ್ಲಿ ಒಂದೇ ಬಗೆಯ ಹಿಂಸೆ ನಡೆಯುತ್ತಿತ್ತೆಂದು ಅದು ದಾಖಲಿಸಿತು. ಬೆರಳುಗಳನ್ನು ಹಿಸುಕುವ ಕಿಟ್ಟಿಯ ಹೆಸರು ಆ ವರದಿಯಿಂದ ಇಂಗ್ಲೆಂಡಿನವರೆಗೂ ಹೋಯಿತು. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಮದ್ರಾಸಿಗೆ ಸೇರಿದ್ದವು. ಬಳಿಕ 1861ರ ದಂಡಪ್ರಕ್ರಿಯಾ ಸಂಹಿತೆಯು ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಬಾರದೆಂದಿತು. 1872ರ ಸಾಕ್ಷ್ಯ ಅಧಿನಿಯಮದ 24ರಿಂದ 26ರವರೆಗಿನ ಪ್ರಕರಣಗಳು ಇದನ್ನು ದೃಢಪಡಿಸಿದವು. ಆದರೆ 27ನೆಯ ಪ್ರಕರಣವು ಒಂದು ಕಿಂಡಿಯನ್ನು ತೆರೆದಿಟ್ಟಿತು: ಆರೋಪಿಯ ಹೇಳಿಕೆಯಿಂದ ವಸ್ತುವೇನಾದರೂ ಪತ್ತೆಯಾದರೆ ಹೇಳಿಕೆಯ ಆ ಭಾಗ ಸಲ್ಲುತ್ತದೆ. ಯೆಹೋಶುವನು ಗುಡಾರ ಅಗೆಸಿದ ನ್ಯಾಯವೇ ಇದು. ಆದರೆ ವಸ್ತುವನ್ನು ಮೊದಲೇ ಹೂತಿಡುವವರೂ ಇರಬಹುದೆಂಬುದನ್ನು ಅನುಭವ ಕಲಿಸಿದೆ.

ಸ್ವತಂತ್ರ ಭಾರತದ ಸಂವಿಧಾನವು 20(3)ನೆಯ ಅನುಚ್ಛೇದದಲ್ಲಿ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಸಾರಿತು. ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆಯನ್ನು ಬರೆದುಕೊಳ್ಳುವ ಮೊದಲು ‘ನೀನು ಹೇಳಲೇಬೇಕೆಂದಿಲ್ಲ’ ಎಂದು ಎಚ್ಚರಿಸಬೇಕು; ಹೇಳಲು ಒಲ್ಲೆನೆಂದವನನ್ನು ಮರಳಿ ಪೊಲೀಸರ ವಶಕ್ಕೆ ಕೊಡಬಾರದು. ಹಿಂಸೆಯ ಕೋಣೆಗೆ ಮರಳಿ ಕಳುಹಿಸುತ್ತಿದ್ದ ಹಳೆಯ ಪದ್ಧತಿಗೆ ಇದು ನೇರ ವಿರುದ್ಧ.

ಆದರೂ ಬಾಗಿಲು ಮತ್ತೆ ತೆರೆಯಿತು. 1987ರ ಟಾಡಾ ಕಾಯಿದೆಯ 15ನೆಯ ಪ್ರಕರಣವು ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿಸಿತು. ವೀರಪ್ಪನ್ ತಂಡವು 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನಡೆಸಿದ ಸ್ಫೋಟದಲ್ಲಿ 22 ಮಂದಿ ಸತ್ತ ಬಳಿಕ, ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಜನರನ್ನು ಆ ಕಾಯಿದೆಯಡಿ ಸೆರೆಯಲ್ಲಿಟ್ಟರು. ಅವರಲ್ಲಿ ಮೈಸೂರು ಧರ್ಮಪ್ರಾಂತ್ಯದ ಮಾರ್ಟಳ್ಳಿ ಭಾಗದ ಕಥೋಲಿಕರೂ ಇದ್ದರು. ಬೆಟ್ಟದ ಮೇಲಿನ ವಿಶೇಷ ಕಾರ್ಯಪಡೆಯ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂಬ ಹೆಸರು ಯಾವುದಕ್ಕೆ ಬಂತೆಂಬುದು ಆ ಹಳ್ಳಿಗಳಿಗೆ ಗೊತ್ತು. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ಬಹುಪಾಲು ಆರೋಪಿಗಳನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರ ಆಯುಷ್ಯದ ವರ್ಷಗಳು ಕಳೆದಿದ್ದವು. ಶಿಕ್ಷೆಯಾದವರಲ್ಲಿ ನಾಲ್ವರಿಗೆ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮರಣದಂಡನೆ ವಿಧಿಸಿ, 2014ರಲ್ಲಿ ಕ್ಷಮಾದಾನದ ಅರ್ಜಿಯ ವಿಳಂಬದ ಕಾರಣ ಅದನ್ನು ಜೀವಾವಧಿಗೆ ಇಳಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿಯು ಕಾರ್ಯಪಡೆಯ ದೌರ್ಜನ್ಯಗಳ ದೂರುಗಳನ್ನು ವಿಚಾರಿಸಿತು. 2007ರಲ್ಲಿ ಆಯೋಗವು 89 ಮಂದಿಗೆ ಪರಿಹಾರ ನೀಡಬೇಕೆಂದು ಶಿಫಾರಸು ಮಾಡಿತು.

ಇನ್ನೂ ಹತ್ತಿರದ ನಿದರ್ಶನವಿದೆ. ಹೆಂಡತಿ ಕಾಣೆಯಾದಳೆಂದು ದೂರು ಕೊಟ್ಟಿದ್ದ ಕೊಡಗಿನ ಗಿರಿಜನ ವ್ಯಕ್ತಿಯೊಬ್ಬನನ್ನು, ಎಲ್ಲೋ ಸಿಕ್ಕ ಅಸ್ಥಿಪಂಜರವನ್ನು ಆಕೆಯದೆಂದು ತೀರ್ಮಾನಿಸಿ, ಕೊಲೆಗಾರನೆಂದು ಜೈಲಿಗೆ ಕಳುಹಿಸಲಾಯಿತು. ತನ್ನಿಂದ ಬಲವಂತವಾಗಿ ಒಪ್ಪಿಗೆ ಪಡೆದರೆಂಬುದು ಅವನ ದೂರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿ ಪರಿಹಾರಕ್ಕೆ ಆದೇಶಿಸಿತು. ಸತ್ತವರೇ ಎದ್ದು ಬಂದು ಸಾಕ್ಷಿ ನುಡಿಯದಿದ್ದರೆ ಅವನ ಗತಿಯೇನಾಗುತ್ತಿತ್ತು?

6. ಕೋಲಿಲ್ಲದ ಬಲವಂತ

ಇಲ್ಲಿಯವರೆಗೆ ಹೇಳಿದ್ದು ಕೋಲಿನ ಬಲವಂತ. ಅದನ್ನು ಕಾನೂನು ಕನಿಷ್ಠ ಕಾಗದದ ಮೇಲಾದರೂ ನಿಷೇಧಿಸಿದೆ. ಕೋಲಿಲ್ಲದ ಬಲವಂತ ಇನ್ನೊಂದಿದೆ; ಅದು ಕಟಕಟೆಯಲ್ಲಿ ‘ತಪ್ಪಿತಸ್ಥನೆಂದು ಒಪ್ಪುತ್ತೀಯಾ?’ ಎಂದು ಕೇಳುವಾಗ ಕೆಲಸ ಮಾಡುತ್ತದೆ.

ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆ ಇದನ್ನು ತೋರಿಸುತ್ತದೆ. ‘ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಆ ಪ್ರಕರಣ 1983ರ ಕಾನೂನು ವರದಿಗಳಲ್ಲಿದೆ. ಹಗುರವಾದ ಶಿಕ್ಷೆಯಾಗುವುದೆಂಬ ಭರವಸೆಯಲ್ಲಿ ಆರೋಪಿ ತಪ್ಪೊಪ್ಪಿಕೊಂಡನು. ಮೇಲಿನ ನ್ಯಾಯಾಲಯದಲ್ಲಿ ಶಿಕ್ಷೆ ಹೆಚ್ಚಾಯಿತು. ಹೀಗೆ ಆಸೆ ತೋರಿಸಿ ಒಪ್ಪಿಸಿ ಆಮೇಲೆ ಶಿಕ್ಷೆಯನ್ನು ಏರಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1980ರ ಕಾಸಂಭಾಯಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ದೀರ್ಘ ವಿಚಾರಣೆಯ ಬವಣೆಗೆ ಅಂಜಿ ನಿರಪರಾಧಿಯೂ ತಪ್ಪೊಪ್ಪಿಕೊಳ್ಳುವ ಅಪಾಯವಿದೆಯೆಂದು ಎಚ್ಚರಿಸಿತ್ತು.

ಆದರೆ ಮೊಕದ್ದಮೆಗಳ ರಾಶಿ ಬೆಳೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳೀಮಠರ ಸಮಿತಿಯು 2003ರ ವರದಿಯಲ್ಲಿ, ಅದಕ್ಕೂ ಹಿಂದೆ ಕಾನೂನು ಆಯೋಗವು ತನ್ನ ವರದಿಗಳಲ್ಲಿ, ಪ್ಲೀ ಬಾರ್ಗೇನಿಂಗ್ ಅಂದರೆ ತಪ್ಪೊಪ್ಪಿಗೆಯ ಚೌಕಾಸಿಗೆ ಕಾನೂನಿನ ರೂಪ ಕೊಡಬೇಕೆಂದು ಶಿಫಾರಸು ಮಾಡಿದವು. ಅದು 2006ರ ಜುಲೈ 5ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ, ಹೆಂಗಸರ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಅದು ಅನ್ವಯಿಸದು. ಆರೋಪಿಯನ್ನು ನ್ಯಾಯಾಧೀಶರು ಏಕಾಂತದಲ್ಲಿ ವಿಚಾರಿಸಿ, ಅವನು ಸ್ವಇಚ್ಛೆಯಿಂದ ಬಂದಿದ್ದಾನೆಂದು ಖಚಿತಪಡಿಸಿಕೊಳ್ಳಬೇಕು. ಇದು ಒಳ್ಳೆಯ ರಕ್ಷಣೆ. ಆದರೆ 1978ರಲ್ಲಿಯೇ ಅಮೆರಿಕದ ಕಾನೂನು ಚರಿತ್ರೆಕಾರ ಜಾನ್ ಲ್ಯಾಂಗ್‌ಬೀನ್ ಮಧ್ಯಯುಗದ ಹಿಂಸೆಗೂ ತನ್ನ ದೇಶದ ಚೌಕಾಸಿಗೂ ಇರುವ ಸಾಮ್ಯವನ್ನು ತೋರಿಸಿದ್ದನು. ಅಲ್ಲಿನ ಫೆಡರಲ್ ನ್ಯಾಯಾಲಯಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಶಿಕ್ಷೆಗಳು ವಿಚಾರಣೆಯಿಲ್ಲದೆ, ಒಪ್ಪಿಗೆಯ ಮೇಲೆಯೇ ನಡೆಯುತ್ತವೆ. ಒಪ್ಪಿದರೆ ಕಡಿಮೆ, ಒಪ್ಪದಿದ್ದರೆ ಹೆಚ್ಚು ಎಂಬ ಗೋವೆಯ ಲೆಕ್ಕವು ಕೋಟು ಹಾಕಿಕೊಂಡು ಬಂದಿದೆ.

ನಮ್ಮ ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಬಡವನ ಮಟ್ಟಿಗೆ ಇದು ಇನ್ನೂ ಸರಳ ರೂಪದಲ್ಲಿ ಎದುರಾಗುತ್ತದೆ. ಚೌಕಾಸಿಯ ಅಧ್ಯಾಯದ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. ಭದ್ರಾವತಿ ಕಾರ್ಖಾನೆಗಳೊಂದಿಗೆ ಬೆಳೆದ ಊರು. ತಮಿಳು, ತೆಲುಗು, ಮಲಯಾಳ, ಉರ್ದು, ಲಂಬಾಣಿ ಮಾತಾಡುವ ಕೂಲಿಕಾರರ ಊರು. ಕಾಗದದ ಕಾರ್ಖಾನೆ ನಿಂತು ವರ್ಷಗಳು ಕಳೆದಿವೆ. ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ನಾಳೆ ಅನಿಶ್ಚಿತ. ಅಂಥವನ ಮೇಲೆ ಜೂಜಿನದೋ ಜಗಳದ್ದೋ ಕಾಡಿನ ಕಟ್ಟಿಗೆಯದೋ ಒಂದು ಸಣ್ಣ ಕೇಸು ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಜಾಮೀನಿಗೆ ಪಹಣಿ ಇರುವ ಜಾಮೀನುದಾರ ಬೇಕು. ಜಮೀನಿಲ್ಲದವನ ನೆಂಟರಿಗೆ ಪಹಣಿ ಎಲ್ಲಿಂದ ಬರಬೇಕು? ತಪ್ಪು ಮಾಡಿಲ್ಲವೆಂದರೆ ವರ್ಷಗಟ್ಟಲೆ ತಾರೀಖು. ಪ್ರತಿ ತಾರೀಖಿಗೆ ಒಂದು ದಿನದ ಕೂಲಿ ಖೋತಾ. ಒಪ್ಪಿಕೊಂಡರೆ ಇವತ್ತೇ ದಂಡ ಕಟ್ಟಿ ಮನೆಗೆ ಹೋಗಬಹುದು, ಅಥವಾ ಒಳಗೆ ಕಳೆದ ದಿನಗಳನ್ನೇ ಶಿಕ್ಷೆಯೆಂದು ಎಣಿಸಿ ಹೊರಬರಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ 2022ರ ಅಂಕಿ ಅಂಶಗಳ ಪ್ರಕಾರ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ, ಅಂದರೆ ಸುಮಾರು ಶೇ. 76ರಷ್ಟು, ವಿಚಾರಣಾಧೀನರು. ವಿಚಾರಣೆಯೇ ಶಿಕ್ಷೆಯಾದಾಗ, ಶಿಕ್ಷೆ ಬಿಡುಗಡೆಯಂತೆ ಕಾಣುತ್ತದೆ.

ಅವನು ಒಪ್ಪಿದ ಮಾತು ಅಂದಿಗೆ ಮುಗಿಯುವುದಿಲ್ಲ. ಶಿಕ್ಷೆಯ ದಾಖಲೆ ಉಳಿಯುತ್ತದೆ. ಮುಂದೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ, ಬೀದಿಯಲ್ಲಿ ಮತ್ತೊಂದು ಗಲಾಟೆಯಾದಾಗ, ಮೊದಲು ನೆನಪಾಗುವ ಹೆಸರು ಅವನದೇ. ಆರೋಪವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಅವನ ಉತ್ತರವನ್ನು ಆದಷ್ಟು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಗಿಜಿಗುಟ್ಟುವ ನ್ಯಾಯಾಲಯದಲ್ಲಿ ತಲೆಯಾಡಿಸುವಿಕೆಯೇ ಉತ್ತರವಾಗಿಬಿಡುವ ಅಪಾಯವಿದೆ.

7. ಯಾಜಕನ ಹೊಣೆ

ಹಾಗಾದರೆ ‘ಒಪ್ಕೊಂಡು ಮುಗಿಸಿಬಿಡ್ಲಾ?’ ಎಂಬ ಪ್ರಶ್ನೆಗೆ ನಾವು ಏನು ಹೇಳಬೇಕು?

ಮೊದಲನೆಯದಾಗಿ, ಎರಡು ಪೀಠಗಳನ್ನು ಬೆರೆಸಬಾರದು. ಪಾಪನಿವೇದನೆಯಲ್ಲಿ ಆರೋಪಿಸುವವನೂ ಸಾಕ್ಷಿಯೂ ಪಶ್ಚಾತ್ತಾಪಿಯೇ. ಅವನು ಮಾತನಾಡುವುದು ಕ್ಷಮಿಸಲು ಕಾದಿರುವ ತಂದೆಯೊಡನೆ. ಅದಕ್ಕೇ ಅಲ್ಲಿ ಸ್ವಾತಂತ್ರ್ಯ ಸಾಧ್ಯ. 983 ಮತ್ತು 984ನೆಯ ವಿಧಿಗಳು ಆ ಮಾತನ್ನು ಹೊರಗೆ ಬಳಸದಂತೆ ಕಾಪಾಡುತ್ತವೆ. ಗುರುವಿದ್ಯಾರ್ಥಿಗಳು ಇದನ್ನು ತಮ್ಮ ಜೀವನದಲ್ಲೇ ಬಲ್ಲರು: 240ನೆಯ ವಿಧಿಯ ಪ್ರಕಾರ ಅಭ್ಯರ್ಥಿಯ ಅಭಿಷೇಕದ ಅಥವಾ ಅವನನ್ನು ಮನೆಗೆ ಕಳುಹಿಸುವ ನಿರ್ಣಯದಲ್ಲಿ ಪಾಪನಿವೇದನೆಯ ಗುರುವಿನ ಅಭಿಪ್ರಾಯವನ್ನು ಎಂದಿಗೂ ಕೇಳುವಂತಿಲ್ಲ. ಅಂತರಂಗದ ಮಾತು ಬಹಿರಂಗದ ತೀರ್ಪಿಗೆ ಉಪಕರಣವಾಗಬಾರದೆಂಬ ಈ ಎಚ್ಚರವನ್ನು ನಮಗಾಗಿ ಕಾಯ್ದುಕೊಂಡ ನಾವು, ಕೈದಿಗೆ ಅದನ್ನು ನಿರಾಕರಿಸಬಹುದೇ? ಪಾಪಕ್ಷಮೆಗೆ ಷರತ್ತಾಗಿ ಪೊಲೀಸರೆದುರು ಒಪ್ಪಿಕೊಳ್ಳಬೇಕೆಂದು ವಿಧಿಸುವಂತಿಲ್ಲವೆಂಬುದು ನೈತಿಕ ದೈವಶಾಸ್ತ್ರದ ಸಾಮಾನ್ಯ ಬೋಧನೆ.

ಎರಡನೆಯದಾಗಿ, ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ವಿನಯವಲ್ಲ. ಎಂಟನೆಯ ಕಟ್ಟಳೆ ನೆರೆಯವನ ವಿರುದ್ಧದ ಸುಳ್ಳು ಸಾಕ್ಷ್ಯವನ್ನು ನಿಷೇಧಿಸುವಾಗ ಸತ್ಯವನ್ನೇ ಕಾಯುತ್ತದೆ. ತನ್ನ ವಿರುದ್ಧದ ಸುಳ್ಳು ಸಾಕ್ಷ್ಯವೂ ಸುಳ್ಳೇ. ಅದರಿಂದ ನಿಜವಾದ ಅಪರಾಧಿ ಹೊರಗೆ ಉಳಿಯುತ್ತಾನೆ, ನೊಂದವರಿಗೆ ನ್ಯಾಯ ಸಿಗದೆ ಹೋಗುತ್ತದೆ. ಹಾಗೆಂದು ಭಯದಿಂದ, ಹಸಿವಿನಿಂದ ಹಾಗೆ ಹೇಳಿದವನನ್ನು ನಾವು ದೂಷಿಸುವುದಿಲ್ಲ. ಬಲಾತ್ಕಾರವೂ ಭಯವೂ ಹೊಣೆಯನ್ನು ತಗ್ಗಿಸುತ್ತವೆಂದು ಧರ್ಮೋಪದೇಶದ 1735ನೆಯ ಪರಿಚ್ಛೇದ ಹೇಳುತ್ತದೆ. ಭಾರ ಬೀಳುವುದು ಹೇಳಿಸಿದವರ ಮೇಲೆ, ಹೇಳುವಂತಾದ ಸ್ಥಿತಿಯನ್ನು ಸಹಿಸಿಕೊಂಡಿರುವ ನಮ್ಮೆಲ್ಲರ ಮೇಲೆ.

ಮೂರನೆಯದಾಗಿ, ನಿಜವಾಗಿ ತಪ್ಪು ಮಾಡಿದವನ ಮಾತು. ಅವನು ಕಟಕಟೆಯಲ್ಲಿ ಸತ್ಯ ಹೇಳಲು ಬಯಸಿದರೆ ಅದು ಶ್ರೇಷ್ಠ. ಜಕ್ಕಾಯನು ಮರದಿಂದ ಇಳಿದು ನಾಲ್ಕರಷ್ಟು ಹಿಂದಿರುಗಿಸುವೆನೆಂದಾಗ ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ಯೇಸು ಅವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು, ಅಷ್ಟೇ. ಅಂಥ ಮಾತು ಬೆಲೆಯುಳ್ಳದ್ದಾಗಲು ಅವನಿಗೆ ಆರೋಪವೇನೆಂದು ತಿಳಿದಿರಬೇಕು, ಒಪ್ಪಿದರೆ ಏನಾಗುವುದೆಂದು ತಿಳಿದಿರಬೇಕು, ಒಪ್ಪದೆ ಇರಲೂ ಸಾಧ್ಯವೆಂಬುದು ಗೊತ್ತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಒಪ್ಪಿಗೆಯಲ್ಲ.

ಆದ್ದರಿಂದ ಸೆರೆಮನೆಯ ಸೇವೆಗೆ ಹೋಗುವ ಯಾಜಕನು ಪ್ರಶ್ನೆಗೆ ‘ಹೌದು’ ಎಂದೂ ಹೇಳಬಾರದು, ‘ಬೇಡ’ ಎಂದೂ ಹೇಳಬಾರದು. ‘ವಕೀಲರನ್ನು ಕಂಡಿದ್ದೀಯಾ?’ ಎಂದು ಮೊದಲು ಕೇಳಬೇಕು. ಸಂವಿಧಾನದ 39ಎ ಅನುಚ್ಛೇದ ಮತ್ತು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಉಚಿತ ವಕೀಲರ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಅದಕ್ಕೇ. ಮೊದಲ ಬಾರಿ ಆರೋಪಕ್ಕೆ ಒಳಗಾದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿಯ ಪ್ರಕರಣಗಳನ್ನೂ ಒಂದಕ್ಕಿಂತ ಹೆಚ್ಚು ಕೇಸುಗಳಿರುವವರನ್ನೂ ಬಿಟ್ಟು, ಅವನನ್ನು ಬಾಂಡಿನ ಮೇಲೆ ಬಿಡಬೇಕೆಂದು ಹೊಸ ಸಂಹಿತೆಯ 479ನೆಯ ಪ್ರಕರಣ ಹೇಳುತ್ತದೆ. ಇದನ್ನು ತಿಳಿಯದ ಕೈದಿಗೆ ತಿಳಿಸುವುದು, ಜಾಮೀನುದಾರ ಸಿಗದವನಿಗೆ ಧರ್ಮಕೇಂದ್ರದಲ್ಲಿ ಒಬ್ಬ ಪಹಣಿಯುಳ್ಳ ವಿಶ್ವಾಸಿಯನ್ನು ಹುಡುಕುವುದು, ತಾರೀಖಿನ ದಿನ ಅವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವುದು: ಇವು ಕೂಡ ಪ್ರಾಯಶ್ಚಿತ್ತ ಸಂಸ್ಕಾರದ ಸೇವೆಯ ಭಾಗವೆಂದೇ ನಾವು ತಿಳಿಯುತ್ತೇವೆ. ಏಕೆಂದರೆ ಇವುಗಳಿಂದ ಬಡವನ ಬಾಯಿಗೆ ‘ಇಲ್ಲ’ ಎನ್ನುವ ಶಕ್ತಿ ಬರುತ್ತದೆ. ‘ಇಲ್ಲ’ ಎನ್ನಬಲ್ಲವನ ‘ಹೌದು’ ಮಾತ್ರ ಒಪ್ಪಿಗೆ.

ಕಾಲೇಜಿನ ಕೊಠಡಿಯಲ್ಲಿ ಪ್ರಾಯಶ್ಚಿತ್ತ ಸಂಸ್ಕಾರದ ಪಾಠ ಓದುವಾಗ ಸ್ಪೇ ಗುರುಗಳ ಹೆಸರು ಅಡಿಟಿಪ್ಪಣಿಯಲ್ಲಿಯೂ ಬರುವುದಿಲ್ಲ. 1988ರಲ್ಲಿ ಸ್ಥಾಪನೆಯಾದ ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ಸೇವೆಗೆ ಸಿದ್ಧರಾಗುವವರು ಅವರನ್ನು ಓದಬೇಕೆಂಬುದು ನಮ್ಮ ಕೋರಿಕೆ. ದಂಡನೆಗೆ ಹೊರಟವರ ಪಕ್ಕದಲ್ಲಿ ನಡೆದ ಆ ಯಾಜಕರು ಅವರನ್ನು ಒಪ್ಪಿಸಲು ಹೋಗಲಿಲ್ಲ. ಅವರ ಮಾತನ್ನು ಕೇಳಲು ಹೋದರು. ಕೇಳಿದ್ದರಿಂದಲೇ ಬರೆಯಬಲ್ಲವರಾದರು.